ವಾಚ್ಯ, ವ್ಯಂಗ್ಯ ಮತ್ತು ಮತ: 2008ರ ಅಮೆರಿಕದ ಪ್ರೈಮರಿಯ ಕೆಲವು ಮಾತುಗಳು

ಧ್ವನಿಯ ವಿಚಾರವನ್ನು ಕಾವ್ಯಕ್ಕಷ್ಟೇ ಮೀಸಲಾಗಿಡುವುದು ವಿಮರ್ಶಕರ ರೂಢಿ. ಆದರೆ ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ವ್ಯಂಗ್ಯಾರ್ಥ ಹುಟ್ಟುವುದಕ್ಕೆ ಹೇಳುವ ಕಾರಣಗಳನ್ನು ನೋಡಿದರೆ, ಅವು ಕವಿಸಭೆಗೆ ಎಷ್ಟು ಸಲ್ಲುತ್ತವೆಯೋ ಸಂತೆಬೀದಿಗೂ ಅಷ್ಟೇ ಸಲ್ಲುತ್ತವೆ. ಹೇಳುವವನು ಯಾರು, ಕೇಳುವವನು ಯಾರು, ದನಿಯ ಏರಿಳಿತವೇನು, ಹತ್ತಿರದಲ್ಲಿ ಇನ್ನಾರಿದ್ದಾರೆ, ಯಾವ ಪ್ರಸ್ತಾವದಲ್ಲಿ, ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಮಾತು ಹೊರಟಿತು ಎಂಬವೇ ಆ ಕಾರಣಗಳು. ಹೊತ್ತು ಮುಳುಗಿತೆಂಬ ಒಂದೇ ಮಾತು ದನಗಾಹಿಗೆ ಮಂದೆಯನ್ನು ತಿರುಗಿಸೆಂದೂ, ವ್ಯಾಪಾರಿಗೆ ಸರಕನ್ನು ಕಟ್ಟೆಂದೂ, ಪ್ರಣಯಿನಿಗೆ ಸಂಕೇತಸ್ಥಾನಕ್ಕೆ ಹೊರಡೆಂದೂ ಕೇಳಿಸುವ ಹಳೆಯ ನಿದರ್ಶನ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆಲ್ಲ ಪರಿಚಿತ. 9ನೆಯ ಶತಮಾನದ 'ಕವಿರಾಜಮಾರ್ಗ' ಧ್ವನಿಯನ್ನು ಅಲಂಕಾರಗಳಲ್ಲಿ ಒಂದೆಂದಷ್ಟೇ ಗಣಿಸಿ ಮುಂದೆ ಹೋಯಿತು. ಹಾಗಿದ್ದರೂ ಮಾತಿನ ಒಳಹೊರಗನ್ನು ಅರಿಯುವ ಜಾಣ್ಮೆ ಕನ್ನಡ ನಾಡಿನ ಓದದ ಜನಕ್ಕೂ ಉಂಟೆಂದು ಹೊಗಳಿದ ಗ್ರಂಥವೂ ಅದೇ.

ಈ ಸಾಮಗ್ರಿಯೊಡನೆ ಅಮೆರಿಕದ ಡೆಮಾಕ್ರಟಿಕ್ ಪಕ್ಷದ 2008ರ ಪ್ರೈಮರಿ ಚುನಾವಣೆಯಲ್ಲಿ ಹೊರಟ ಕೆಲವು ಮಾತುಗಳನ್ನು ಪರಿಶೀಲಿಸಿದರೆ, ಅಂದಿನ ಗದ್ದಲದಲ್ಲಿ ಕಾಣದೆ ಹೋದ ಒಂದೆರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಗದ್ದಲದಲ್ಲಿದ್ದ ಪ್ರಶ್ನೆ ಒಂದೇ: ಹೇಳಿದವರು ವರ್ಣದ್ವೇಷಿಗಳೋ ಅಲ್ಲವೋ? ಇದು ಅಂತರಂಗದ ಪ್ರಶ್ನೆ. ಉತ್ತರ ಕೊಡಬಲ್ಲವರು ಆ ಅಂತರಂಗದ ಒಡೆಯರು ಮಾತ್ರ, ಅವರೂ ಎಲ್ಲ ವೇಳೆಯಲ್ಲೂ ಅಲ್ಲ. ವಿಮರ್ಶೆಗೆ ನಿಲುಕುವ ಪ್ರಶ್ನೆ ಬೇರೆ: ಆ ವಾಕ್ಯ ಏನು ಮಾಡಿತು?

ಪ್ರೈಮರಿಯೆಂದರೆ ಪಕ್ಷದ ಒಳಮನೆಯ ಚುನಾವಣೆ. ನವೆಂಬರಿನ ಮಹಾಚುನಾವಣೆಗೆ ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಒಂದೊಂದು ಸಂಸ್ಥಾನದ ಮತದಾರರು ಬೇರೆ ಬೇರೆ ದಿನಗಳಲ್ಲಿ ತೀರ್ಮಾನಿಸುತ್ತಾರೆ. ಇಲ್ಲಿ ಎದುರಾಳಿಗಳು ದಾಯಾದಿಗಳು. ತತ್ತ್ವದಲ್ಲಿ ಹೆಚ್ಚಿನ ಭೇದವಿಲ್ಲದಿರುವಾಗ ವಾದ ಬೇಗ ವ್ಯಕ್ತಿಯ ಮೇಲೆ ತಿರುಗುತ್ತದೆ. 2008ರಲ್ಲಿ ಒಂದು ಕಡೆ ಶ್ರೀಮತಿ ಹಿಲರಿ ಕ್ಲಿಂಟನ್, ಇನ್ನೊಂದು ಕಡೆ ಶ್ರೀ ಬರಾಕ್ ಒಬಾಮಾ. ಇಬ್ಬರಲ್ಲಿ ಯಾರು ಗೆದ್ದರೂ ಆ ದೇಶದ ಚರಿತ್ರೆಯಲ್ಲಿ ಹೊಸ ಪುಟ. ಕರಿಯ ಮತದಾರರೋ ಆ ಪಕ್ಷದ ಬೆನ್ನೆಲುಬು. ಶ್ರೀಮತಿಯವರ ಪತಿ, ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ನರನ್ನು 1998ರಲ್ಲಿ ಕಾದಂಬರಿಕಾರ್ತಿ ಟೋನಿ ಮಾರಿಸನ್ ದೇಶದ ಮೊದಲ ಕರಿಯ ಅಧ್ಯಕ್ಷರೆಂದು ಒಂದು ವಿಶೇಷಾರ್ಥದಲ್ಲಿ ಕರೆದಿದ್ದರು. ಹಾಗೆ ಕರೆಯಿಸಿಕೊಂಡ ಮನೆತನದಿಂದಲೇ ಈ ಮಾತುಗಳು ಹೊರಟವು ಎಂಬುದು ಇಲ್ಲಿನ ವಕ್ತೃವಿಶೇಷ. ಶತ್ರುವಿನ ಬಾಯಿಂದ ಬಂದಿದ್ದರೆ ಅವು ಅಷ್ಟು ಚುಚ್ಚುತ್ತಿರಲಿಲ್ಲ.

ಮೊದಲು ಒಂದು ತಪ್ಪು ಓದನ್ನು ಬದಿಗಿಡಬೇಕು. ಜನವರಿ 7ರಂದು, ನ್ಯೂ ಹ್ಯಾಂಪ್‌ಷೈರ್ ಮತದಾನದ ಹಿಂದಿನ ದಿನ, ಬಿಲ್ ಕ್ಲಿಂಟನ್ನರು ಶ್ರೀ ಒಬಾಮಾ ಅವರ ಕುರಿತಾದ ಕಥನವನ್ನು ದೊಡ್ಡ ಕಟ್ಟುಕತೆಯೆಂದು ಜರೆದರು. ಕರಿಯನೊಬ್ಬ ಅಧ್ಯಕ್ಷನಾಗುವ ಆಸೆಯೇ ಕಟ್ಟುಕತೆಯೆಂದು ಅವರು ಹೇಳಿದರೆಂಬ ಸುದ್ದಿ ಹಬ್ಬಿತು. ಹಿಂದುಮುಂದಿನ ವಾಕ್ಯಗಳನ್ನು ನೋಡಿದರೆ ಮಾತಿದ್ದದ್ದು ಇರಾಕ್ ಯುದ್ಧದ ಬಗ್ಗೆ ಶ್ರೀ ಒಬಾಮಾ ತಳೆದ ನಿಲುವಿನ ಮೇಲೆ. ಪ್ರಕರಣವು ಅಷ್ಟು ಸ್ಪಷ್ಟವಾಗಿ ಅರ್ಥವನ್ನು ಕಟ್ಟಿಹಾಕಿರುವಾಗ, ಒಂದು ಪದವನ್ನು ಮಾತ್ರ ಕಿತ್ತು ತೆಗೆದು ಬೇರೊಂದು ವ್ಯಂಗ್ಯವನ್ನು ಅದಕ್ಕೆ ತೊಡಿಸುವುದು ಸಹೃದಯನ ಕೆಲಸವಲ್ಲ. ಧ್ವನಿ ಕೇಳುವವನ ಇಷ್ಟದ ವಸ್ತುವಾಗಿದ್ದರೆ ಆನಂದವರ್ಧನನು ಅಷ್ಟು ಶ್ರಮಪಟ್ಟು ಗ್ರಂಥ ಬರೆಯಬೇಕಾಗಿರಲಿಲ್ಲ.

ಅದೇ ದಿನ ಶ್ರೀಮತಿ ಕ್ಲಿಂಟನ್ ಒಂದು ಸಂದರ್ಶನದಲ್ಲಿ ಆಡಿದ ಮಾತು ಇಷ್ಟು ಸುಲಭವಾಗಿ ಬಿಡುಗಡೆ ಹೊಂದುವಂತಿಲ್ಲ. ಅಧ್ಯಕ್ಷ ಜಾನ್ಸನ್ 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ತಂದಾಗ ಡಾ. ಕಿಂಗ್ ಅವರ ಕನಸು ಕೈಗೂಡತೊಡಗಿತೆಂದೂ, ಅದನ್ನು ಸಾಧಿಸಲು ಅಧ್ಯಕ್ಷನೊಬ್ಬ ಬೇಕಾಯಿತೆಂದೂ ಅದರ ತಾತ್ಪರ್ಯ. ಚರಿತ್ರೆಯಾಗಿ ಇದರಲ್ಲಿ ಸುಳ್ಳಿಲ್ಲ, ಶಾಸನಸಭೆಯಲ್ಲಿ ಜಾನ್ಸನ್ನರ ಹಟ ಪ್ರಸಿದ್ಧವೇ. ಆಕೆಯ ಉದ್ದೇಶವಿದ್ದದ್ದು ಭಾಷಣಕ್ಕಿಂತ ಆಡಳಿತಾನುಭವ ಮೇಲೆಂದು ತೋರಿಸುವುದರಲ್ಲಿ. ಆದರೆ ಉಪಮಾನವನ್ನು ಆರಿಸಿದ ಕೂಡಲೇ ಉಪಮೇಯಗಳು ತಾವಾಗಿ ಜಾಗ ಹಿಡಿದವು: ಶ್ರೀ ಒಬಾಮಾ ಕಿಂಗ್ ಆದರು, ಶ್ರೀಮತಿ ಕ್ಲಿಂಟನ್ ಜಾನ್ಸನ್ ಆದರು. ಸೆರೆಮನೆ, ಪೋಲೀಸರ ನಾಯಿಗಳು, 1968ರ ಗುಂಡು ಇವೆಲ್ಲ ಕನಸಿನ ಪಾಲಿಗೆ, ರುಜು ಹಾಕಿದ ಲೇಖನಿ ಸಾಧನೆಯ ಪಾಲಿಗೆ. ದಕ್ಷಿಣ ಕೆರೊಲೈನಾದ ಪ್ರತಿನಿಧಿ ಜೇಮ್ಸ್ ಕ್ಲೈಬರ್ನ್ ನೊಂದುಕೊಂಡರೆ ಅದು ಅತಿಸೂಕ್ಷ್ಮತೆಯಲ್ಲ. ಇಲ್ಲಿ ದೋಷ ದ್ವೇಷದ್ದಲ್ಲ, ಉಪಮೆಯದು. ಅನೌಚಿತ್ಯವೆಂದು ಕ್ಷೇಮೇಂದ್ರ ಕರೆಯಬಹುದಾದದ್ದು.

ದಕ್ಷಿಣ ಕೆರೊಲೈನಾದಲ್ಲಿ ಜನವರಿ 26ರಂದು ಮತದಾನ ನಡೆಯಿತು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರು. ಶ್ರೀ ಒಬಾಮಾ ಅವರಿಗೆ ಶೇಕಡಾ 55, ಶ್ರೀಮತಿ ಕ್ಲಿಂಟನ್ನರಿಗೆ 27, ಜಾನ್ ಎಡ್ವರ್ಡ್ಸ್ ಅವರಿಗೆ 18 ಮತ ಬಂದುವು. ಆ ದಿನ ಒಬ್ಬ ಪತ್ರಕರ್ತರು, ಒಬ್ಬ ಒಬಾಮಾರನ್ನು ಎದುರಿಸಲು ಇಬ್ಬರು ಕ್ಲಿಂಟನ್ನರು ಬೇಕಾದರಲ್ಲ ಎಂಬರ್ಥದ ಪ್ರಶ್ನೆಯನ್ನು ಬಿಲ್ ಕ್ಲಿಂಟನ್ನರ ಮುಂದಿಟ್ಟರು. ಉತ್ತರವಾಗಿ ಅವರು, ಜೆಸ್ಸಿ ಜಾಕ್ಸನ್ 84ರಲ್ಲಿಯೂ 88ರಲ್ಲಿಯೂ ಇಲ್ಲಿ ಗೆದ್ದಿದ್ದರು, ಅವರೂ ಒಳ್ಳೆಯ ಪ್ರಚಾರ ನಡೆಸಿದ್ದರು, ಒಬಾಮಾರೂ ನಡೆಸಿದ್ದಾರೆ ಎಂದರು.

ಪದಗಳನ್ನು ಒಂದೊಂದಾಗಿ ತೂಗಿದರೆ ಇದರಲ್ಲಿ ನಿಂದೆಯಿಲ್ಲ, ಇಬ್ಬರಿಗೂ ಪ್ರಶಂಸೆಯೇ ಉಂಟು. ಜಾಕ್ಸನ್ನರು ತಮಗೇನೂ ನೋವಾಗಲಿಲ್ಲವೆಂದರು. ಹಾಗಾದರೆ ದೋಷವೆಲ್ಲಿ? ಅದು ಹೇಳಿದ್ದರಲ್ಲಿಲ್ಲ, ಆರಿಸಿದ್ದರಲ್ಲಿದೆ. ಪ್ರಶ್ನೆಯಲ್ಲಿ ಜಾಕ್ಸನ್ನರ ಹೆಸರೇ ಇರಲಿಲ್ಲ. ಅದೇ ಸಂಸ್ಥಾನದಲ್ಲಿ 2004ರ ಪ್ರೈಮರಿಯನ್ನು ಗೆದ್ದಿದ್ದವರು ಎಡ್ವರ್ಡ್ಸ್, ಅಂದು ಅದೇ ಕಣದಲ್ಲಿ ಮೂರನೆಯವರಾಗಿ ಸೋತು ನಿಂತಿದ್ದವರು. 1992ರಲ್ಲಿ ಗೆದ್ದಿದ್ದವರು ಸ್ವತಃ ಬಿಲ್ ಕ್ಲಿಂಟನ್! ಹತ್ತಿರದ ನಿದರ್ಶನವನ್ನೂ ತನ್ನದೇ ನಿದರ್ಶನವನ್ನೂ ದಾಟಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾದರೆ ಅಲ್ಲಿ ಸಿಗುವ ಸಾಮ್ಯ ಯಾವುದು? ಜಾಕ್ಸನ್ ಆ ಸಂಸ್ಥಾನದಲ್ಲೇ ಹುಟ್ಟಿದವರು, ಒಬಾಮಾ ಹವಾಯಿಯವರು. ಜಾಕ್ಸನ್ ಗೆದ್ದದ್ದು ಕಾಕಸ್ ಸಭೆಗಳಲ್ಲಿ, ಒಬಾಮಾ ಗೆದ್ದದ್ದು ಪ್ರೈಮರಿಯಲ್ಲಿ. ಜಾಕ್ಸನ್ ಪಾದ್ರಿ, ಒಬಾಮಾ ಸೆನೆಟರು. ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಸಾಧಾರಣಧರ್ಮ ಮೈಬಣ್ಣ ಒಂದೇ. ಜಾಕ್ಸನ್ ಇಲ್ಲಿ ಗೆದ್ದರೂ ಪಕ್ಷದ ಅಭ್ಯರ್ಥಿಯಾಗಲಿಲ್ಲ ಎಂಬ ಉಳಿದ ಅರ್ಧವನ್ನು ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ಅಪ್ರಸ್ತುತವನ್ನು ಹೊಗಳಿ ಪ್ರಸ್ತುತವನ್ನು ತಿಳಿಸುವ ಅಲಂಕಾರಕ್ಕೆ ಶಾಸ್ತ್ರಕಾರರು ಅಪ್ರಸ್ತುತಪ್ರಶಂಸೆಯೆಂದು ಹೆಸರಿಟ್ಟಿದ್ದಾರೆ. ರಾಜಕಾರಣಿಗಳು ಶಾಸ್ತ್ರವನ್ನು ಓದದೆಯೇ ಅದನ್ನು ಬಳಸುತ್ತಾರೆ. ತಮ್ಮ ಮೇಲೆಯೇ ವರ್ಣದ ಅಸ್ತ್ರ ಪ್ರಯೋಗವಾಯಿತೆಂದು ಬಿಲ್ ಕ್ಲಿಂಟನ್ನರು ಏಪ್ರಿಲಿನಲ್ಲಿ ರೇಡಿಯೋದಲ್ಲಿ ದೂರಿಕೊಂಡರು. ಅವರ ಕೋಪ ಪ್ರಾಮಾಣಿಕವಾಗಿದ್ದೀತು. ಆದರೆ ಎಡ್ವರ್ಡ್ಸ್ ಅವರ ಹೆಸರೇಕೆ ನೆನಪಾಗಲಿಲ್ಲವೆಂಬುದಕ್ಕೆ ಆ ಕೋಪ ಉತ್ತರವಲ್ಲ.

ಇನ್ನು ಜೆರಾಲ್ಡಿನ್ ಫೆರಾರೊ ಅವರ ಮಾತು. ಇಡೀ ಪ್ರಕರಣದಲ್ಲಿ ವಿಮರ್ಶೆಗೆ ಅತ್ಯಂತ ಕಷ್ಟಕೊಡುವ ಮಾತು ಇದೇ. 1984ರಲ್ಲಿ ಉಪಾಧ್ಯಕ್ಷ ಪದವಿಗೆ ನಿಂತ ಫೆರಾರೊ, ದೊಡ್ಡ ಪಕ್ಷವೊಂದರ ಪರವಾಗಿ ಆ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ. 2008ರ ಮಾರ್ಚ್ ಮೊದಲ ವಾರದಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್ ನಗರದ 'ಡೈಲಿ ಬ್ರೀಜ್' ಪತ್ರಿಕೆಗೆ ಆಕೆ ಹೇಳಿದ್ದು ಇದು: ಒಬಾಮಾ ಬಿಳಿಯ ಗಂಡಸಾಗಿದ್ದರೆ ಈ ಸ್ಥಾನದಲ್ಲಿರುತ್ತಿರಲಿಲ್ಲ, ಯಾವ ಬಣ್ಣದ ಹೆಂಗಸಾಗಿದ್ದರೂ ಇರುತ್ತಿರಲಿಲ್ಲ, ತಾನು ತಾನಾಗಿರುವುದು ಅವರ ಅದೃಷ್ಟ. ಆಕೆ ಶ್ರೀಮತಿ ಕ್ಲಿಂಟನ್ನರ ಹಣಕಾಸು ಸಮಿತಿಯ ಸದಸ್ಯೆ. ಗದ್ದಲವೆದ್ದು ಮಾರ್ಚ್ 12ರಂದು ಸಮಿತಿಯಿಂದ ಹೊರಬಂದರು.

ಆಕೆಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಬೇಕು. ಇದೇ ಮಾತನ್ನು ಆಕೆ ತನಗೂ ಅನ್ವಯಿಸಿಕೊಂಡಿದ್ದರು: ತನ್ನ ಹೆಸರು ಜೆರಾಲ್ಡಿನ್ ಎಂದಿಲ್ಲದೆ ಜೆರಾರ್ಡ್ ಎಂದಿದ್ದರೆ 1984ರಲ್ಲಿ ತನ್ನನ್ನು ಯಾರು ಆರಿಸುತ್ತಿದ್ದರು ಎಂದು. ತನ್ನ ಯೋಗ್ಯತೆಯನ್ನು ಹೆಂಗಸೆಂಬ ಒಂದೇ ಮಾತಿನಿಂದ ತೂಗಿದ ಲೋಕವನ್ನು ಅನುಭವಿಸಿದ್ದವಳ ನೋವು ಅದರಲ್ಲಿದೆ. ಇನ್ನೊಂದು ಸಂಗತಿಯೂ ಉಂಟು. 1988ರಲ್ಲಿ ಜೆಸ್ಸಿ ಜಾಕ್ಸನ್ನರ ಬಗ್ಗೆ, ಕರಿಯರಲ್ಲದಿದ್ದರೆ ಅವರು ಕಣದಲ್ಲೇ ಇರುತ್ತಿರಲಿಲ್ಲವೆಂದು ಆಕೆ ಹೇಳಿದ್ದರು. ಎರಡು ದಶಕ ಕಳೆದರೂ ಮಾತು ಅದೇ ಅಚ್ಚಿನದು. ಇದರಿಂದ ಎರಡು ತೀರ್ಮಾನ ಬರುತ್ತದೆ, ಎರಡನ್ನೂ ಒಪ್ಪಬೇಕು. 2008ರ ಮಾತು ಕ್ಲಿಂಟನ್ನರಿಗಾಗಿ ಹೆಣೆದ ತಂತ್ರವಲ್ಲ. ಬಾಯಿತಪ್ಪಿ ಬಂದದ್ದೂ ಅಲ್ಲ, ಅದು ಆಕೆಯ ಲೋಕದೃಷ್ಟಿ.

ಆ ದೃಷ್ಟಿಯ ವಾಚ್ಯಾರ್ಥ ಸುಳ್ಳೆಂದು ಸಾಧಿಸಲು ಹೊರಟವರು ವ್ಯರ್ಥವಾಗಿ ದಣಿದರು. ಬೇರೊಬ್ಬನಾಗಿ ಹುಟ್ಟಿದ್ದರೆ ಯಾರು ತಾನೆ ಇದ್ದಲ್ಲಿ ಇರುತ್ತಿದ್ದರು? ಕೆನಡಿ ಮನೆತನದಲ್ಲಿ ಹುಟ್ಟದ ಕೆನಡಿ, ತಂದೆ ಅಧ್ಯಕ್ಷನಾಗಿರದಿದ್ದ ಕಿರಿಯ ಬುಷ್, ಅಧ್ಯಕ್ಷನನ್ನು ಕೈಹಿಡಿಯದಿದ್ದ ಹಿಲರಿ ಇವರೆಲ್ಲರ ಮೇಲೂ ಆ ವಾಕ್ಯವನ್ನು ಯಥಾವತ್ತಾಗಿ ಹೊರಿಸಬಹುದು. ಎಲ್ಲರಿಗೂ ಸಲ್ಲುವ ಮಾತು ಒಬ್ಬನ ಬಗ್ಗೆ ಮಾತ್ರ ಹೊರಟಾಗಲೇ ವ್ಯಂಜನಾವ್ಯಾಪಾರ ಮೊದಲಾಗುತ್ತದೆ. ತನ್ನ ಬಗ್ಗೆ ಆಡಿದಾಗ ವಿನಯವಾದದ್ದು ಎದುರಾಳಿಯ ಬಗ್ಗೆ ಆಡಿದಾಗ ಹೀಯಾಳಿಕೆಯಾಗುತ್ತದೆ. ಅದಕ್ಕಿಂತ ಭಾರವಾದದ್ದು 'ಅದೃಷ್ಟ'ವೆಂಬ ಪದ. ಆ ವರ್ಷ ಅಮೆರಿಕದ ಸೆನೆಟ್ಟಿನ 100 ಸದಸ್ಯರಲ್ಲಿ ಕರಿಯ ಸದಸ್ಯ ಒಬ್ಬರೇ, ಅವರೇ ಒಬಾಮಾ. ಕರಿಯನಾಗಿರುವುದು ಅಧಿಕಾರಕ್ಕೆ ಹತ್ತಿರದ ದಾರಿಯಾಗಿದ್ದರೆ ಉಳಿದ 99 ಪೀಠಗಳಲ್ಲಿ ಆ ಅದೃಷ್ಟಶಾಲಿಗಳು ಯಾಕೆ ಕಾಣಲಿಲ್ಲ? ಮೇಲುನೋಟಕ್ಕೆ ಅಂಕಗಣಿತದಂತೆ ಕಾಣುವ ವಾಕ್ಯ ಅಂಕಗಣಿತದಲ್ಲಿಯೇ ಸೋಲುತ್ತದೆ. ಕೊನೆಗೆ, ತಾನು ಬಿಳಿಯಳೆಂದೇ ತನ್ನ ಮೇಲೆ ಬೀಳುತ್ತಿದ್ದಾರೆಂದು ಫೆರಾರೊ ಹೇಳಿದಾಗ, ಯಾವ ಬಾಗಿಲಿನ ಮೂಲಕ ಆಕೆ ಹೊರಬರಬಹುದಾಗಿತ್ತೋ ಅದನ್ನು ತಾವೇ ಮುಚ್ಚಿಕೊಂಡಂತಾಯಿತು. 2011ರ ಮಾರ್ಚಿನಲ್ಲಿ ಆಕೆ ತೀರಿಕೊಂಡಾಗ 1984ರ ಸಾಹಸದೊಡನೆ 2008ರ ಈ ಮಾತೂ ಸ್ಮರಣೆಗೆ ಬಂತು.

ಇಷ್ಟಾದರೂ ಫೆರಾರೊ ತಮ್ಮ ಹೆಸರಿನಲ್ಲಿ, ತಮ್ಮ ಬಾಯಿಂದ ಮಾತನಾಡಿದರು. 2000ದ ರಿಪಬ್ಲಿಕನ್ ಪ್ರೈಮರಿಯಲ್ಲಿ, ಅದೇ ದಕ್ಷಿಣ ಕೆರೊಲೈನಾದಲ್ಲಿ, ಜಾನ್ ಮೆಕೇನ್ ಅವರಿಗೆ ಕರಿಯ ಹೆಂಗಸಿನಿಂದ ಹುಟ್ಟಿದ ಮಗುವೊಂದಿದೆಯೆಂಬ ಪಿಸುಮಾತು ಕರಪತ್ರಗಳಲ್ಲಿ, ದೂರವಾಣಿಯಲ್ಲಿ ಹರಿದಾಡಿತು. ಮೆಕೇನ್ ದಂಪತಿಗಳು ಬಾಂಗ್ಲಾದೇಶದ ಅನಾಥಾಲಯವೊಂದರಿಂದ ತಂದು ಸಾಕಿದ ಹೆಣ್ಣುಮಗುವಿತ್ತು. ಢಾಕೆಯ ಕೂಸಿನ ಮೈಬಣ್ಣ ಅಮೆರಿಕದ ಹಳೆಯ ವರ್ಣದ ಕತೆಗೆ ಆಹಾರವಾಯಿತು. ಫೆಬ್ರವರಿ 19ರಂದು ಮೆಕೇನ್ ಅಲ್ಲಿ ಸೋತರು. ಇಲ್ಲಿ ವಕ್ತೃವೇ ಇಲ್ಲ. ಹೇಳಿದವನು ಯಾರೆಂದು ಗೊತ್ತಿಲ್ಲದ ಮಾತಿನ ಮುಂದೆ ಮಮ್ಮಟನ ಪಟ್ಟಿಯ ಮೊದಲನೆಯ ಕಾರಣವೇ ಬಿದ್ದುಹೋಗುತ್ತದೆ. ಕ್ಷಮೆ ಕೇಳಬೇಕಾದವರೂ ಇಲ್ಲ, ರಾಜೀನಾಮೆ ಕೊಡಬೇಕಾದವರೂ ಇಲ್ಲ. 2008ರ ಮಾತುಗಳ ಬಗ್ಗೆ ಕಟುವಾಗಿ ಬರೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಹೇಳಿದವನಿದ್ದೂ ಮಾತು ತನ್ನದಲ್ಲವೆನ್ನುವ ಮಧ್ಯಮಮಾರ್ಗವೂ ಒಂದಿದೆ. ಮೇ 6ರಂದು ಉತ್ತರ ಕೆರೊಲೈನಾದಲ್ಲಿ ದೊಡ್ಡ ಸೋಲನ್ನೂ ಇಂಡಿಯಾನಾದಲ್ಲಿ ಕೂದಲೆಳೆಯ ಗೆಲುವನ್ನೂ ಕಂಡ ಶ್ರೀಮತಿ ಕ್ಲಿಂಟನ್, 'ಯುಎಸ್ಎ ಟುಡೇ' ಪತ್ರಿಕೆಯೊಡನೆ ಮಾತನಾಡುತ್ತ ಸುದ್ದಿಸಂಸ್ಥೆಯೊಂದರ ವರದಿಯನ್ನು ಆಧಾರವಾಗಿ ಹಿಡಿದು, ಶ್ರೀ ಒಬಾಮಾ ಅವರಿಗೆ ದುಡಿಯುವ, ಕಷ್ಟಪಟ್ಟು ದುಡಿಯುವ ಅಮೆರಿಕನ್ನರ, ಬಿಳಿಯ ಅಮೆರಿಕನ್ನರ ಬೆಂಬಲ ಕುಗ್ಗುತ್ತಿದೆಯೆಂದರು. ವರದಿ ತನ್ನದಲ್ಲ, ಅಂಕಿಗಳು ತನ್ನವಲ್ಲ ಎಂಬುದು ಆಕೆಯ ರಕ್ಷಣೆ. ಆದರೆ ಬೇರೊಬ್ಬನು ಬರೆದ ಹುಂಡಿಯ ಬೆನ್ನ ಮೇಲೆ ರುಜು ಮಾಡಿ ದಾಟಿಸಿದವನು, ಮೂಲದಲ್ಲಿ ಬರೆದವನು ನಾನಲ್ಲವೆಂದು ಹೊಣೆಯಿಂದ ನುಣುಚಿಕೊಳ್ಳುವುದು ವ್ಯವಹಾರದಲ್ಲಿ ನಡೆಯುವುದಿಲ್ಲ. ಮೇಲಾಗಿ ಇಲ್ಲಿ ದೋಷ ಅಂಕಿಗಳಲ್ಲಿಲ್ಲ, ವ್ಯಾಕರಣದಲ್ಲಿದೆ. ಎರಡು ಪದಗುಚ್ಛಗಳನ್ನು ನಡುವೆ 'ಮತ್ತು' ಎಂಬುದಿಲ್ಲದೆ ಒಂದೇ ವಿಭಕ್ತಿಯಲ್ಲಿ ಪಕ್ಕಪಕ್ಕಕ್ಕೆ ಇರಿಸಿದರೆ ಅವು ಸಮಾನಾಧಿಕರಣವಾಗುತ್ತವೆ. 'ದುಡಿಯುವ ಅಮೆರಿಕನ್ನರು, ಬಿಳಿಯ ಅಮೆರಿಕನ್ನರು' ಎಂದಾಗ ಎರಡನೆಯದು ಮೊದಲನೆಯದರ ವಿವರಣೆಯಾಗಿ ನಿಲ್ಲುತ್ತದೆ: ದುಡಿಯುವವರು ಬಿಳಿಯರು. ಹಾಗಾದರೆ ದಕ್ಷಿಣದ ಹತ್ತಿಯ ಹೊಲದಲ್ಲಿ, ಉತ್ತರದ ಉಕ್ಕಿನ ಕುಲುಮೆಯಲ್ಲಿ ಬೆವರಿದವರು ಯಾರು? ಶ್ರೀಮತಿಯವರ ಬೆಂಬಲಿಗರೇ ಆಗಿದ್ದ ನ್ಯೂಯಾರ್ಕಿನ ಕರಿಯ ಪ್ರತಿನಿಧಿ ಚಾರ್ಲ್ಸ್ ರ್ಯಾಂಗೆಲ್ ಈ ಮಾತಿಗೆ ಬಹಿರಂಗವಾಗಿ ಬೇಸರಪಟ್ಟರು. ಒಂದು ಸಂಯೋಜಕ ಪದದ ಕೊರತೆಯಿಂದ ಇಷ್ಟಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಭಾರತೀಯ ಓದುಗನಿಗೆ ಈ ಪ್ರಕರಣ ದೂರದ್ದಲ್ಲ. 2004ರಲ್ಲಿ ಶ್ರೀಮತಿ ಕ್ಲಿಂಟನ್ ಮಹಾತ್ಮಾ ಗಾಂಧಿಯವರು ಸೇಂಟ್ ಲೂಯಿಸಿನಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದರೆಂದು ನಗೆಯಾಡಿ ಕ್ಷಮೆ ಕೇಳಿದ್ದುಂಟು. 2007ರ ಜೂನಿನಲ್ಲಿ ಸರದಿ ಒಬಾಮಾ ಪಾಳೆಯದ್ದು. ಅಮೆರಿಕದ ಪತ್ರಿಕೆಗಳು ಸೆನೆಟರರ ಹೆಸರಿನ ಮುಂದೆ ಪಕ್ಷವನ್ನೂ ಸಂಸ್ಥಾನವನ್ನೂ ಸೂಚಿಸುವ ಕ್ರಮವನ್ನು ಅಣಕಿಸಿ, ಆ ಪಾಳೆಯದಿಂದ ಹೊರಟ ಟಿಪ್ಪಣಿಯೊಂದು ಶ್ರೀಮತಿ ಕ್ಲಿಂಟನ್ನರನ್ನು ಪಂಜಾಬಿನ ಸೆನೆಟರೆಂದು ಕರೆಯಿತು. ಭಾರತಕ್ಕೆ ಹೋಗುವ ಉದ್ಯೋಗಗಳು, ಭಾರತೀಯ ಮೂಲದವರು ಕೊಟ್ಟ ಚಂದಾ ಅದರ ವಿಷಯ. ಸ್ವಾರಸ್ಯವೆಂದರೆ ಆ ನಗೆಮಾತು ಮೂಲತಃ ಆಕೆಯದೇ. 2006ರಲ್ಲಿ ಸಿಖ್ಖರು ಏರ್ಪಡಿಸಿದ್ದ ಸಭೆಯೊಂದರಲ್ಲಿ, ತಾನು ಪಂಜಾಬಿನಿಂದಲೂ ಸುಲಭವಾಗಿ ಚುನಾವಣೆಗೆ ನಿಲ್ಲಬಹುದೆಂದು ಆಕೆ ಆತಿಥೇಯರನ್ನು ನಗಿಸಿದ್ದರು. ಪಂಜಾಬಿಗಳ ನಡುವೆ ನಂಟಸ್ತನವಾಗಿದ್ದ ಮಾತು ಉದ್ಯೋಗ ಕಳೆದುಕೊಂಡ ಕಾರ್ಮಿಕನ ಕಿವಿಯನ್ನು ಉದ್ದೇಶಿಸಿದಾಗ ಬೈಗುಳಾಯಿತು. ವಾಕ್ಯ ಬದಲಾಗಲಿಲ್ಲ, ಬೋದ್ಧವ್ಯನು ಬದಲಾದನು. ಶ್ರೀ ಒಬಾಮಾ ಇದನ್ನು ತಪ್ಪೆಂದು ಒಪ್ಪಿಕೊಂಡರು. ಊರು ಬಿಟ್ಟು ಬಂದವನ ದುಡಿಮೆಯನ್ನು ಅವನ ಊರಿನ ಹೆಸರಿನಿಂದಲೇ ಹಳಿಯುವ ಈ ಬಗೆ, 1960ರ ದಶಕದ ಮುಂಬಯಿಯಲ್ಲಿ 'ಮದರಾಸಿ'ಯೆನ್ನಿಸಿಕೊಂಡ ಉಡುಪಿಯ ಹೋಟೆಲಿನವರಿಗೆ ವಿವರಿಸಬೇಕಾದದ್ದಲ್ಲ.

ಶ್ರೀ ಒಬಾಮಾ ಅವರನ್ನು ತೂಗುವಾಗಲೂ ತಕ್ಕಡಿ ಅದೇ ಇರಬೇಕು. ಅವರ ಪಾದ್ರಿ ಜೆರೆಮಯಾ ರೈಟ್ ಅವರ ಉಗ್ರ ಪ್ರವಚನಗಳು ದೂರದರ್ಶನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಮೇಲೆ, ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಅವರು ವರ್ಣದ ವಿಷಯವನ್ನೇ ಎತ್ತಿಕೊಂಡು ಸುದೀರ್ಘವಾಗಿ ಮಾತನಾಡಿದರು. ರೈಟ್ ಅವರ ಕೋಪವನ್ನೂ ಫೆರಾರೊ ಅವರ ಅಸಮಾಧಾನವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಎರಡನ್ನೂ ಸುಮ್ಮನೆ ತಳ್ಳಿಹಾಕಬಾರದೆಂದರು. ಭಾಷಣದ ಜೀವಸ್ಥಾನ ಅಜ್ಜಿಯ ಪ್ರಸ್ತಾಪ. ತನ್ನನ್ನು ಸಾಕಿ ಬೆಳೆಸಿದ, ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನು ಪ್ರೀತಿಸಿದ ಆ ಬಿಳಿಯ ಮುದುಕಿ ಬೀದಿಯಲ್ಲಿ ಎದುರಾಗುವ ಕರಿಯ ಗಂಡಸರಿಗೆ ಹೆದರುತ್ತಿದ್ದುದನ್ನೂ, ತಾನು ಮುದುಡಿಕೊಳ್ಳುವಂಥ ಮಾತುಗಳನ್ನು ಆಡಿದ್ದನ್ನೂ ಅವರು ಮುಚ್ಚಿಡಲಿಲ್ಲ. ಮನೆಯ ಹಿರಿಯಳನ್ನು ರಾಜಕೀಯದ ವೇದಿಕೆಗೆ ತಂದದ್ದು ಉಚಿತವೇ ಎಂದು ಕೇಳಿದವರುಂಟು. ಆದರೆ ಅಲ್ಲಿ ಆಕೆ ಒಬ್ಬ ವ್ಯಕ್ತಿ: ಪ್ರೀತಿಯೂ ಭಯವೂ ಒಂದೇ ಮೈಯಲ್ಲಿ ಕೂಡಿರುವ ಒಬ್ಬ ಹೆಂಗಸು. ಆ ಕೂಡುವಿಕೆಯಿಂದಲೇ ಭಾಷಣಕ್ಕೆ ತೂಕ ಬಂತು.

ಎರಡು ದಿನ ಕಳೆದು ಫಿಲಡೆಲ್ಫಿಯಾದ ರೇಡಿಯೋ ಕೇಂದ್ರವೊಂದರಲ್ಲಿ ಇದೇ ಅಜ್ಜಿಯನ್ನು ವಿವರಿಸಹೊರಟು, ಸಾಧಾರಣ ಬಿಳಿಯರೆಲ್ಲರಂಥವಳು ಎಂಬರ್ಥದ ಮಾತನ್ನು ಅವರು ಆಡಿಬಿಟ್ಟರು. ಪದ ಸೂಚಿಸುವುದು ಜಾತಿಯನ್ನೋ ವ್ಯಕ್ತಿಯನ್ನೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಈ ಒಂದು ವಿಶೇಷಣದಿಂದ ಅಜ್ಜಿ ವ್ಯಕ್ತಿಯ ಕಡೆಯಿಂದ ಜಾತಿಯ ಕಡೆಗೆ ಜಾರಿದಳು. ಫೆರಾರೊ ಅವರ ಮಾತಿನಲ್ಲಿ ಒಬಾಮಾ ಅವರಿಗೆ ಆದದ್ದೂ ಇದೇ ಅಲ್ಲವೆ? ಭಾಷಣವನ್ನು ಮೆಚ್ಚಿದ ಅನೇಕರು ಈ ರೇಡಿಯೋ ಮಾತನ್ನು ಆಯಾಸದ ಫಲವೆಂದು ತೇಲಿಸಿದರು. ಅದೇ ಔದಾರ್ಯವನ್ನು ಅವರು ಎದುರುಪಕ್ಷದ ಮಾತುಗಳಿಗೆ ತೋರಿಸಿದ್ದರೆ ಆಕ್ಷೇಪಿಸುವಂತಿರಲಿಲ್ಲ.

ಜೂನ್ 3ರಂದು ಪಕ್ಷದ ಅಭ್ಯರ್ಥಿ ಯಾರೆಂಬುದು ನಿರ್ಣಯವಾಯಿತು. 7ರಂದು ಶ್ರೀಮತಿ ಕ್ಲಿಂಟನ್ ಕಣದಿಂದ ಹಿಂದೆ ಸರಿದು ಶ್ರೀ ಒಬಾಮಾ ಅವರಿಗೆ ಬೆಂಬಲ ಘೋಷಿಸಿದರು. ಅಜ್ಜಿ ಮ್ಯಾಡಲಿನ್ ಡನಮ್ ಹೊನೊಲುಲುವಿನಲ್ಲಿ ಕಾಯಿಲೆಯಿಂದ ಮಲಗಿದ್ದು, ನವೆಂಬರ್ 4ರ ಮತದಾನಕ್ಕೆ ಎರಡು ದಿನ ಮೊದಲು ತೀರಿಕೊಂಡರು. ಅದಕ್ಕೂ ಮುಂಚೆಯೇ ಮತಪತ್ರವನ್ನು ತುಂಬಿ ಕಳುಹಿಸಿದ್ದರು. ಹವಾಯಿಯ ಅಧಿಕಾರಿಗಳು ಅದನ್ನು ಎಣಿಕೆಗೆ ಸೇರಿಸಿಕೊಂಡರು.